ಮೋಲ್ ಲೆಕ್ಕಕ್ಕೆ ತಕ್ಕಡಿ ತಂದ ಮೇಲೆ

ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ಹೋಂವರ್ಕಿನ ಮೋಲ್ ಲೆಕ್ಕಗಳನ್ನು, ಅಂದರೆ ಪದಾರ್ಥದ ಕಣಗಳನ್ನು ಮೋಲ್ ಎಂಬ ಗುಂಪಿನಲ್ಲಿ ಎಣಿಸಿ ಎಷ್ಟರಿಂದ ಎಷ್ಟು ಸಿಗುತ್ತದೆ ಎಂದು ಹೇಳುವ ಲೆಕ್ಕಗಳನ್ನು, ಒಲೆಯ ಮೇಲೆ ಕಾಯಿಸಿ, ತೂಗಿ ನೋಡಿ ಬಿಡಿಸೋಣ ಅಂದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. "ಪೋರ್ಷನ್ ಮುಗಿಯೋದಿಲ್ಲ ಮಾರಾಯ್ರೇ" ಎಂದರು. ಟ್ಯೂಷನ್ನಿಗೆ ಕಳಿಸಿದ್ದು ಅಡುಗೆ ಮಾಡೋಕಾ ಎಂದು ಪಾಲಕರೂ ಕೇಳಿದರು. ಈ ವರ್ಷ ಅವರಲ್ಲಿ ಕೆಲವರು ಎರಡನೇ ಮಗುವನ್ನೂ ನನ್ನ ಹತ್ತಿರವೇ ಸೇರಿಸಿದ್ದಾರೆ. ಈಗ ಬರೆಯಬಹುದು ಅನ್ನಿಸಿತು.

ನಾನು ಹಿಡಿದ ಲೆಕ್ಕ ನಿಮಗೆಲ್ಲ ಗೊತ್ತಿರುವುದೇ. 8.4 ಗ್ರಾಂ ಅಡುಗೆ ಸೋಡಾ ಕಾಯಿಸಿದರೆ ಎಷ್ಟು ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ? ಸಮೀಕರಣದ ಪ್ರಕಾರ 2 ಮೋಲ್ ಸೋಡಾ (168 ಗ್ರಾಂ) ಕಾದರೆ 1 ಮೋಲ್ ಕಾರ್ಬೊನೇಟ್ (106 ಗ್ರಾಂ) ಉಳಿಯುತ್ತದೆ, ಮಿಕ್ಕಿದ್ದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಮಕ್ಕಳಿಂದ ಮೂರು ಉತ್ತರ ಬರುತ್ತವೆ. ಸಮೀಕರಣದ 2 ಮರೆತವರಿಗೆ 10.6 ಗ್ರಾಂ. ಮೊದಲೇ 168ರಿಂದ ಭಾಗಿಸಿ, ಆಮೇಲೆ ಮತ್ತೆ ಅರ್ಧ ಮಾಡಿದವರಿಗೆ 2.65. ಸರಿಯಾಗಿ ಮಾಡಿದವರಿಗೆ 5.3. ಬೋರ್ಡಿನಲ್ಲಿ ತಿದ್ದಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಮರುದಿನ ಅದೇ ತಪ್ಪು. ಹಾಗಾಗಿ ನಾನೀಗ ತಿದ್ದುವುದಿಲ್ಲ. ಮೂರನ್ನೂ ಬೋರ್ಡಿನಲ್ಲೇ ಬಿಟ್ಟು ಒಲೆ ಹಚ್ಚುತ್ತೇನೆ. 10.6 ಬರೆದವನು ಸೋಡಾ ಬಿಸಿಯಾಗುವ ಮೊದಲೇ "ಸರ್, ಹಾಕಿದ್ದಕ್ಕಿಂತ ಜಾಸ್ತಿ ಹ್ಯಾಂಗೆ ಬರ್ತದೆ?" ಎಂದು ತಾನೇ ಎದ್ದು ಅಳಿಸುತ್ತಾನೆ. ಉಳಿದ ಎರಡನ್ನು ತಕ್ಕಡಿ ತೀರ್ಮಾನ ಮಾಡುತ್ತದೆ.

ಆದರೆ ತಕ್ಕಡಿ ಸುಮ್ನೆ ಮಾತಾಡಲಿಲ್ಲ. ಅಡುಗೆಮನೆಯ ತಕ್ಕಡಿ 1 ಗ್ರಾಂಗಿಂತ ಕೆಳಗೆ ತೋರಿಸದು. ಐನೂರು ರೂಪಾಯಿ ಆಸುಪಾಸಿನಲ್ಲಿ ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ತರಿಸಿದೆ. ಅದರ ಮಿತಿ 200 ಗ್ರಾಂ, ಸ್ಟೀಲ್ ಪಾತ್ರೆಯೇ ಅದಕ್ಕಿಂತ ಭಾರ. ಹಗುರ ಎಂದು ಅಲ್ಯೂಮಿನಿಯಂ ಬಟ್ಟಲು ಹಿಡಿದರೆ ತಳ ಕಪ್ಪಾಯಿತು. ಕಾರ್ಬೊನೇಟ್ ಅದನ್ನು ತಿನ್ನುತ್ತದೆ. ಕೊನೆಗೆ ಅರವತ್ತು ಎಪ್ಪತ್ತು ಗ್ರಾಂ ತೂಗುವ ಸಣ್ಣ ಸ್ಟೀಲ್ ಬಟ್ಟಲೇ ಸರಿಹೋಯಿತು. ಬಿಸಿ ಬಟ್ಟಲನ್ನು ಹಾಗೇ ಇಟ್ಟು ಒಂದು ತಕ್ಕಡಿ ಹಾಳಾಗಿದೆ. ಎಲ್ಲ ಸೇರಿ ಸಾವಿರದೈನೂರು ರೂಪಾಯಿ ಖರ್ಚಾಗಿರಬಹುದು.

ಶುರುವಿನಲ್ಲಿ 5.7, 5.8 ಬರುತ್ತಿತ್ತು. ಕಾಯಿಸಿದ್ದು ಸಾಲದು. ತೂಗಿ, ಮತ್ತೆ ಕಾಯಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಡಬಾರದು. ಉರಿ ಜೋರಾದರೆ ಅನಿಲ ಹೊರಡುವ ರಭಸಕ್ಕೆ ಪುಡಿ ಹಾರಿ 5ಕ್ಕೆ ಇಳಿಯುತ್ತದೆ. ಪುಡಿ ಹಾರದಂತೆ ತಡೆಯಲು ನನ್ನದೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಮಕ್ಕಳಿಗೆ ಮಾತ್ರ. ಜುಲೈ ಮಳೆಯಲ್ಲಂತೂ ಕಾರ್ಬೊನೇಟ್ ತೇವ ಹೀರಿ ತೂಕ ಏರುತ್ತದೆ, ಬೇಗ ತೂಗಬೇಕು. ಈಗ 5.2ರಿಂದ 5.4ರೊಳಗೇ ಬರುತ್ತದೆ. ಕಾಲೇಜು ಲ್ಯಾಬಿನಲ್ಲೂ ಇಷ್ಟು ಚೆನ್ನಾಗಿ ಬಂದದ್ದನ್ನು ನಾನು ನೋಡಿಲ್ಲ.

ಮೊದಲು ಮುಗಿಯುವ ಪದಾರ್ಥದ ಲೆಕ್ಕ, ಅದೇ ಲಿಮಿಟಿಂಗ್ ರೀಏಜೆಂಟ್, ಇದಕ್ಕೆ ಮಕ್ಕಳ ತೋಟದ ಬೋರ್ಡೋ ಹಿಡಿದೆ. ಅಡಿಕೆ ಕೊಳೆಗೆ ಹೊಡೆಯುವ ಅದೇ ಮದ್ದು. 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ಒಂದು ಮೋಲ್ ತೂಕ ಸುಮಾರು 250 ಗ್ರಾಂ, ಅಂದರೆ ಕಿಲೊಗೆ 4 ಮೋಲ್. ಅರಳಿದ ಸುಣ್ಣದ್ದು 74, ಅಂದರೆ ಹದಿಮೂರೂವರೆ. ಒಂದಕ್ಕೊಂದು ಎಂದು ಹಿಡಿದರೆ 300 ಗ್ರಾಂ ಸುಣ್ಣ ಸಾಕು! "ಹಾಗಾದ್ರೆ ಅಪ್ಪ ಒಂದು ಕಿಲೊ ಯಾಕೆ ಹಾಕ್ತಾರೆ?" ಎಂದು ಒಬ್ಬಳು ಕೇಳಿದಳು. ಪೇಟೆಯ ಸುಣ್ಣ ಶುದ್ಧವಿರುವುದಿಲ್ಲ, ಇಟ್ಟಷ್ಟೂ ಗಾಳಿ ತಾಗಿ ಕಾರ್ಬೊನೇಟ್ ಆಗುತ್ತದೆ. ಸುಣ್ಣ ಕಡಿಮೆಯಾಗಿ ತಾಮ್ರ ಉಳಿದರೆ ಎಲೆ ಸುಡುತ್ತದೆ. ಅದಕ್ಕೇ ಮನೆಯಲ್ಲಿ ಕತ್ತಿ ಅದ್ದಿ ನೋಡುವುದು. ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಲಿಮಿಟಿಂಗ್ ಯಾವುದು ಎಂದು ಆ ಬ್ಯಾಚಿಗೆ ನಾನು ಮತ್ತೆ ಹೇಳಬೇಕಾಗಲಿಲ್ಲ.

ವಿನೆಗರಿಗೆ ಸೋಡಾ ಹಾಕಿ, ಏಳುವ ಅನಿಲದಿಂದ ಬಲೂನು ಉಬ್ಬಿಸುವುದನ್ನೂ ಮಾಡಿದೆವು. 4 ಪರ್ಸೆಂಟಿನದಾದರೆ 75 ಮಿಲಿಗೆ 4.2 ಗ್ರಾಂ ಸೋಡಾ ಸರಿಸಮ. 8.4 ಹಾಕಿದರೂ ಬಲೂನು ಅಷ್ಟೇ ಉಬ್ಬುತ್ತದೆ, ಮೊದಲು ಮುಗಿಯುವುದು ವಿನೆಗರಿನ ಆಮ್ಲ.

ಗೆಲ್ಲದೆ ಉಳಿದದ್ದು ಕಡಲ ಚಿಪ್ಪು. 100 ಗ್ರಾಂ ಸುಟ್ಟರೆ 56 ಗ್ರಾಂ ಸುಣ್ಣ ಸಿಗಬೇಕು. ಗ್ಯಾಸ್ ಒಲೆಯಲ್ಲಿ ತೂಕ ಅಲುಗಲೇ ಇಲ್ಲ, ಎಂಟುನೂರು ಡಿಗ್ರಿಗೂ ಮೇಲೆ ಹೋಗಬೇಕಲ್ವಾ. ಬೇಸಿಗೆ ರಜೆಯಲ್ಲಿ ಕಮ್ಮಾರರ ಕುಲುಮೆಗೆ ಒಯ್ಯುತ್ತೇನೆ, ಅವರು ಹೂಂ ಎಂದಿದ್ದಾರೆ.