ಬೆಳವಗಳ ಹೊಲ: ಹೊರಗಿನ ಒಂದು ಕಾಳೂ ತಾರದೆ ಹಕ್ಕಿ ಇಳಿಸಿದ ನನ್ನ ಅನುಭವ

“ಆಗಸ್ಟ್ ಕೊನೆಯಲ್ಲಿ ಎರಡು ಚೀಲ ಗೋಧಿ ಚೆಲ್ಲು, ಬಾಯಿ ಮುಚ್ಚಿಕೊಂಡಿರು, ಹಕ್ಕಿ ತಾನಾಗಿ ಬರುತ್ತದೆ” ಎಂದು ಪಕ್ಕದ ಜಮೀನಿನ ಹಿರಿಯರು ಮೊದಲ ವರ್ಷವೇ ನನಗೆ ಹೇಳಿದ್ದರು. ಆ ಮಾತು ಕೇಳದೆ ಎರಡು ವರ್ಷ ಕೈ ಸುಟ್ಟುಕೊಂಡೆ. ಮೂರನೆಯ ವರ್ಷ, ಎಂದರೆ 2023ರ ಸೆಪ್ಟೆಂಬರ್ 1ರ ಬೆಳಿಗ್ಗೆ, ನನ್ನ ಹೊಲದಲ್ಲಿ ಹದಿನಾಲ್ಕು ಮಂದಿ ಬಂದೂಕು ಹಿಡಿದು ಕುಳಿತಿದ್ದಾಗ ಬೇಟೆಯ ಕಾನೂನು ನೋಡಿಕೊಳ್ಳುವ ಅಧಿಕಾರಿಯಾದ ಗೇಮ್ ವಾರ್ಡನ್ ಬಂದು ಸಾಲು ಸಾಲು ನಡೆದು ನೋಡಿ, ಬರೆಯುವಂಥದ್ದು ಏನೂ ಇಲ್ಲವೆಂದು ಹೊರಟುಹೋದರು. ಬೆಳವಗಳು ಇಳಿಯುವಂತೆ ಹೊಲ ಬೆಳೆದು, ದಿನಕ್ಕಿಷ್ಟು ಎಂದು ದುಡ್ಡು ಪಡೆದು ಬೇಟೆಗಾರರಿಗೆ ಬಿಡುವುದು ನನ್ನ ಕೆಲಸ. ಇದೇ ಕೆಲಸಕ್ಕೆ ಕೈ ಹಾಕಿರುವ ಮೂರ್ನಾಲ್ಕು ಕನ್ನಡಿಗ ಗೆಳೆಯರು ಇಲ್ಲಿದ್ದಾರೆ. ಅವರು ಪದೇ ಪದೇ ಕೇಳುತ್ತಿರುವುದರಿಂದ ನಡೆದದ್ದನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ಜಮೀನು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ಹಾದಿಯಲ್ಲಿ, ಹಿಲ್ಸ್‌ಬರೊ ಕಡೆಯಲ್ಲಿದೆ. ಒಟ್ಟು ನಲವತ್ತು ಎಕರೆಯಲ್ಲಿ ಹನ್ನೆರಡು ಎಕರೆ ಮಾತ್ರ ಉಳುವ ಹೊಲ, ಅದೂ ಅಪ್ಪಟ ಎರೆ ಮಣ್ಣು. ನಾನು ಹುಟ್ಟಿದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಸೂರ್ಯಕಾಂತಿ ತೆನೆ ಕಟ್ಟುವ ಹೊತ್ತಿಗೆ ಬೆಳಗಿನಿಂದ ಸಂಜೆಯವರೆಗೆ ಡಬ್ಬ ಬಡಿದು ಹಕ್ಕಿ ಓಡಿಸುವುದೇ ನಮ್ಮ ಕೆಲಸವಾಗಿತ್ತು. ಇಲ್ಲಿ ಅದೇ ಬೆಳೆಯನ್ನು ಹಕ್ಕಿ ಬರಲೆಂದೇ ಬೆಳೆಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಓಡ್ಸಾಕೆ ನಾವು ಗಂಟ್ಲು ಹರ್ಕೊಂಡ್ವಿ, ನೀನು ದುಡ್ಡು ಕೊಟ್ಟು ಕರೀತಿದ್ದೀಯಲ್ಲೋ ಮಗಾ” ಎಂದರು. ಅಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯೇ ಅಪರಾಧ. ಇಲ್ಲಿ ಅದು ಪರವಾನಗಿ, ಋತು, ಮಿತಿ ಎಲ್ಲವೂ ಇರುವ ಲೆಕ್ಕಾಚಾರದ ವ್ಯವಹಾರ. ಆ ವ್ಯತ್ಯಾಸವನ್ನು ಅಪ್ಪನಿಗೆ ಇಂದಿಗೂ ಪೂರ್ತಿ ಒಪ್ಪಿಸಲಾಗಿಲ್ಲ.

ಮೊದಲ ವರ್ಷದ ಸೋಲಿಗೆ ಕಾರಣ ನನ್ನ ಅಹಂಕಾರ. ಸೂರ್ಯಕಾಂತಿ ನನಗೇನು ಹೊಸದೇ ಎಂಬ ಭಾವನೆಯಿತ್ತು. 2021ರ ವಸಂತದಲ್ಲಿ ಮಳೆ ಬಿಡಲೇ ಇಲ್ಲ. ಎರೆ ನೆಲದ ಮೇಲೆ ಟ್ರ್ಯಾಕ್ಟರ್ ಇಳಿಸಲಾಗದೆ ಬಿತ್ತನೆ ಮೇ ಕೊನೆಗೆ ಹೋಯಿತು. ಸೂರ್ಯಕಾಂತಿಯ ಪೆರೆಡೊವಿಕ್ ತಳಿಗೆ ನೂರು, ನೂರಹತ್ತು ದಿನ ಬೇಕು. ಬೇಟೆಯ ಋತು ಆರಂಭವಾಗುವುದು ಸೆಪ್ಟೆಂಬರ್ 1ಕ್ಕೆ. ಲೆಕ್ಕ ಅಲ್ಲಿಯೇ ತಪ್ಪಿತ್ತು. ಮೊಳಕೆಯೊಡೆದ ಮೂರನೆಯ ವಾರದಲ್ಲಿ ಜಿಂಕೆಗಳು ಬಂದು ಅಂಚಿನ ಎಂಟು ಹತ್ತು ಸಾಲನ್ನು ನೆಲಮಟ್ಟಕ್ಕೆ ಮೇಯ್ದವು. ಉಳಿದದ್ದನ್ನು ಜಾನ್ಸನ್ ಹುಲ್ಲು ಮತ್ತು ನಮ್ಮ ದಂಟಿನ ಜಾತಿಯದೇ ಆದ ಪಾಮರ್ ಕಳೆ ನುಂಗಿದವು. ಹಾಗಿದ್ದೂ ಐದಾರು ಎಕರೆಯಲ್ಲಿ ತೆನೆ ಬಂತು, ಕಾಳೂ ಉದುರಿತು. ಬೆಳವಗಳು ಮಾತ್ರ ಮೇಲೆ ಸುತ್ತಿ ನೋಡಿ ಪಕ್ಕದವರ ಕೊಯ್ಲಾದ ಜೋಳದ ಹೊಲಕ್ಕೆ ಹೋಗಿ ಇಳಿದವು.

ಕಾರಣ ತಿಳಿಯಲು ನನಗೆ ಒಂದು ಇಡೀ ಸೆಪ್ಟೆಂಬರ್ ಬೇಕಾಯಿತು. ಬೆಳವ ಕೋಳಿಯಂತೆ ನೆಲ ಕೆದಕುವುದಿಲ್ಲ. ಅದರ ಕಾಲು ಗಿಡ್ಡ, ಹುಲ್ಲಿನೊಳಗೆ ನುಗ್ಗಿ ನಡೆಯುವ ಹಕ್ಕಿಯೂ ಅಲ್ಲ. ಕಣ್ಣಿಗೆ ಕಾಣುವ ಕಾಳು ಬರಿ ಮಣ್ಣಿನ ಮೇಲೆ ಬಿದ್ದಿರಬೇಕು, ಸುತ್ತ ಹಾವು ಬೆಕ್ಕು ಅಡಗಲು ಜಾಗವಿರಬಾರದು. ಎಕರೆಗೆ ಎಷ್ಟು ಕಾಳು ಉದುರಿತು ಎಂಬುದಕ್ಕಿಂತ ಎಷ್ಟು ನೆಲ ಬೆತ್ತಲಾಗಿದೆ ಎಂಬುದೇ ಮುಖ್ಯ ಎಂದು ನಾನು ಕಲಿತ ಪಾಠಕ್ಕೆ, ಬೀಜ, ಡೀಸೆಲ್, ಬಾಡಿಗೆ ಪ್ಲಾಂಟರ್ ಎಲ್ಲ ಸೇರಿ ಸುಮಾರು 3,800 ಡಾಲರ್ ಶುಲ್ಕವಾಯಿತು.

ಎರಡನೆಯ ವರ್ಷದ ಕಥೆ ಬೇರೆ. 2022ರ ಬರದಲ್ಲೂ ಏಪ್ರಿಲ್ ಮಧ್ಯದಲ್ಲಿ ಬಿತ್ತಿದ ಬೆಳೆ ತಕ್ಕಮಟ್ಟಿಗೆ ಬಂತು. ಬಿತ್ತುವ ಮುನ್ನ ಪೆಂಡಿಮೆಥಾಲಿನ್, ಆಮೇಲೆ ಹುಲ್ಲಿಗೆ ಕ್ಲೆಥೋಡಿಮ್ ಎಂಬ ಕಳೆನಾಶಕಗಳನ್ನು ಹೊಡೆದಿದ್ದರಿಂದ ನೆಲವೂ ಚೊಕ್ಕಟವಾಗಿತ್ತು. ಮುಂಗಡ ಕೊಟ್ಟು ಹತ್ತು ಹನ್ನೆರಡು ಮಂದಿ ಜಾಗ ಕಾಯ್ದಿರಿಸಿದ್ದರು. ಆಗಸ್ಟ್ ಮೂರನೆಯ ವಾರದಲ್ಲಿ, ನಾನೇ ಕರೆದಿದ್ದಕ್ಕೆ ಬಂದ ವಾರ್ಡನ್ ಬೆಳೆಯನ್ನು ನೋಡಿ ತಲೆದೂಗಿ, ಹೊಲದ ಮೂಲೆಯ ಮರದ ಸಾಲಿನತ್ತ ಬೆರಳು ತೋರಿಸಿ, “ಅದೇನು?” ಎಂದರು. ಹಿಂದೆ ಆ ಜಮೀನಿನಲ್ಲಿ ಜಿಂಕೆ ಬೇಟೆಯ ಗುತ್ತಿಗೆ ಹಿಡಿದಿದ್ದವರು ಬಿಟ್ಟುಹೋಗಿದ್ದ ಫೀಡರ್ ಅದು. ಮೂರು ಕಬ್ಬಿಣದ ಕಾಲಿನ ಮೇಲೆ ನಿಂತ ಡ್ರಮ್ಮು, ಕೆಳಗೆ ಗಡಿಯಾರ ಕಟ್ಟಿದ ಚಕ್ರ. ಬ್ಯಾಟರಿ ಸತ್ತಿದೆ ಎಂದುಕೊಂಡಿದ್ದೆ. ಸೌರಫಲಕವಿದ್ದುದನ್ನು ನಾನು ಗಮನಿಸಿಯೇ ಇರಲಿಲ್ಲ. ದಿನಕ್ಕೆ ಎರಡು ಸಲ ಅದು ಮೆಕ್ಕೆಜೋಳ ಎರಚುತ್ತಲೇ ಇತ್ತು.

ಟೆಕ್ಸಸ್‌ನಲ್ಲಿ ಜಿಂಕೆಗೆ ಹೀಗೆ ಕಾಳು ಹಾಕುವುದು ಮಾಮೂಲು, ಖಾಸಗಿ ಜಮೀನಿನಲ್ಲಿ ಅಪರಾಧವೂ ಅಲ್ಲ. ಆದರೆ ಬೆಳವ ವಲಸೆ ಹಕ್ಕಿ, ಅದರ ಮೇಲಿರುವುದು 1918ರ ಕೇಂದ್ರ ಕಾಯ್ದೆ. ಆ ಕಾಯ್ದೆಯ ನಿಯಮದಲ್ಲಿ ತಂದು ಹಾಕಿದ ಕಾಳು, ಉಪ್ಪು, ಯಾವುದೇ ಮೇವು ಆಮಿಷವೇ ಸರಿ. ಎಷ್ಟು ಅಡಿ ದೂರದಲ್ಲಿದ್ದರೆ ತೊಂದರೆಯಿಲ್ಲ ಎಂಬ ಅಳತೆಯೂ ಅದರಲ್ಲಿಲ್ಲ. ಆ ಕಾಳಿನ ಕಡೆಗೆ ಹಾರುವ ಹಕ್ಕಿಯನ್ನು ಹೊಡೆದರೂ ಸಾಕು, ಅದು ಅಪರಾಧ. ಕಾಳನ್ನು ಸಂಪೂರ್ಣವಾಗಿ ತೆಗೆದು ಹತ್ತು ದಿನ ಕಳೆಯುವವರೆಗೆ ಆ ಜಾಗ ಆಮಿಷದ ಜಾಗವಾಗಿಯೇ ಉಳಿಯುತ್ತದೆ. ಬೇಟೆಗಾರನಿಗೆ “ನನಗೆ ತಿಳಿದಿರಲಿಲ್ಲ” ಎಂದು ವಾದಿಸಲು 1998ರ ತಿದ್ದುಪಡಿ ಸ್ವಲ್ಪ ಅವಕಾಶ ಕೊಟ್ಟಿದೆ. ಬೇರೆಯವರು ಬೇಟೆಯಾಡಲೆಂದು ಕಾಳು ಹಾಕಿದವನಿಗೆ ಅದೇ ತಿದ್ದುಪಡಿ ಒಂದು ವರ್ಷದವರೆಗಿನ ಜೈಲನ್ನೂ ತಂದಿದೆ.

“ಸಂಪೂರ್ಣವಾಗಿ” ಎಂಬ ಆ ಒಂದು ಪದ ಏನೆಂದು ಎರೆ ಮಣ್ಣಿನಲ್ಲಿ ಮಾಡಿ ನೋಡಿದವರಿಗೇ ಗೊತ್ತು. ಆಗಸ್ಟಿನ ಬಿಸಿಲಿಗೆ ನೆಲ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಮೇಲಿನ ಕಾಳನ್ನು ಪೊರಕೆಯಲ್ಲಿ ಗುಡಿಸಿದೆ. ಬಿರುಕಿನೊಳಗೆ ಜಾರಿದ್ದಕ್ಕೆ ಜನರೇಟರ್ ಹೊತ್ತು ತಂದು, ಗ್ಯಾರೇಜಿನ ವ್ಯಾಕ್ಯೂಮ್ ಹಚ್ಚಿ, ಮೊಣಕಾಲೂರಿ ನಾಲ್ಕು ದಿನ ಒಂದೊಂದು ಬಿರುಕಿಗೂ ಕೊಳವೆ ಇಟ್ಟೆ. ಹನ್ನೆರಡು ವರ್ಷದ ಮಗ ಟಾರ್ಚು ಹಿಡಿದು, “ಅಪ್ಪಾ, ಇಲ್ಲೊಂದು, ಅಲ್ಲೊಂದು” ಎಂದು ತೋರಿಸುತ್ತಿದ್ದ. ಕೆಲಸ ಮುಗಿದದ್ದು ಆಗಸ್ಟ್ 27ರ ಶನಿವಾರ. ಹತ್ತು ದಿನ ಕಳೆಯುವಷ್ಟರಲ್ಲಿ ಸೆಪ್ಟೆಂಬರ್ 6. ಆರಂಭದ ದಿನವೂ ಹೋಯಿತು, ಲೇಬರ್ ಡೇ ರಜೆಯ ವಾರಾಂತ್ಯವೂ ಹೋಯಿತು. ಇಡೀ ಋತುವಿನ ಮುಕ್ಕಾಲು ಪಾಲು ದುಡ್ಡು ಆ ನಾಲ್ಕೈದು ದಿನದಲ್ಲಿಯೇ ಬರುವುದು. ಮುಂಗಡ ಸುಮಾರು 1,200 ಡಾಲರ್ ವಾಪಸು ಕೊಟ್ಟೆ. ಪಕ್ಕದ ಹಿರಿಯರು ಬೇಲಿಗೆ ಒರಗಿ ನಕ್ಕರು.

ಈಗ ಮೂರನೆಯ ವರ್ಷಕ್ಕೆ ಬರುತ್ತೇನೆ. ಬೆಳವಗಳ ಮಟ್ಟಿಗೆ ಕಾನೂನು ಕೊಡುವ ದೊಡ್ಡ ಸವಲತ್ತು ಒಂದೇ: ಅದೇ ಹೊಲದಲ್ಲಿ ಬೆಳೆದು ನಿಂತ ಬೆಳೆಯನ್ನು ಕತ್ತರಿಸಬಹುದು, ಉರುಳಿಸಬಹುದು, ಸುಡಬಹುದು, ಔಷಧಿ ಹೊಡೆದು ಒಣಗಿಸಬಹುದು, ಹರಗಬಹುದು. ಬಾತುಕೋಳಿಗೆ ಇದು ಸಲ್ಲದು, ಬೆಳವಕ್ಕೆ ಸಲ್ಲುತ್ತದೆ. ಆದರೆ ಅದೇ ಹೊಲದ ಕಾಳನ್ನಾದರೂ ಕೊಯ್ದು ಚೀಲಕ್ಕೆ ತುಂಬಿ ಮತ್ತೆ ಅಲ್ಲಿಯೇ ಚೆಲ್ಲಿದರೆ ಕೆಟ್ಟಿತು. ಹೀಗಾಗಿ ಕೈಯಿಂದ ಒಂದು ಕಾಳನ್ನೂ ಮುಟ್ಟಬಾರದು ಎಂದು ನಿರ್ಧರಿಸಿ, ಎಲ್ಲವನ್ನೂ ಗಿಡ ಕತ್ತರಿಸುವ ಶ್ರೆಡರ್ ಮತ್ತು ಮಣ್ಣು ಹರಗುವ ಡಿಸ್ಕಿನಿಂದಲೇ ಮಾಡಿದೆ.

ಎರಡು ಸಾಲು ಬಿತ್ತಿ ಒಂದು ಸಾಲು ಖಾಲಿ ಬಿಟ್ಟೆ. ಬೀಜ ಎಕರೆಗೆ ಐದು ಪೌಂಡಿಗಿಂತ ಸ್ವಲ್ಪ ಕಡಿಮೆ ಹಿಡಿಯಿತು. ಬಿತ್ತನೆಯನ್ನು ಒಂದೇ ದಿನ ಮುಗಿಸದೆ ಏಪ್ರಿಲ್ 12ರ ಸುಮಾರಿಗೆ ಅರ್ಧ, ಎರಡು ವಾರ ಬಿಟ್ಟು ಉಳಿದರ್ಧ ಬಿತ್ತಿದೆ. ಜಿಂಕೆಗೆ ಎರಡು ಎಳೆಯ ವಿದ್ಯುತ್ ಬೇಲಿ ಹಾಕಿದೆ. ಅದಕ್ಕೇ ಸುಮಾರು 1,400 ಡಾಲರ್ ಹೋಯಿತು, ಆದರೆ ಗಿಡ ಮೊಣಕಾಲೆತ್ತರ ಬರುವವರೆಗೆ ಅದಿಲ್ಲದೆ ಗತಿಯಿಲ್ಲ. ಔಷಧಿಗೆ ಬಗ್ಗದ ಪಾಮರ್ ಕಳೆಯನ್ನು ಗುದ್ದಲಿ ಹಿಡಿದು ನಾವೇ ಕಿತ್ತೆವು. ಜುಲೈ ಕೊನೆಗೆ ತೆನೆಯ ಬೆನ್ನು ಹಳದಿ ತಿರುಗಿ ಕಂದಾದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ ಹದಿನೈದು ಅಡಿ ಅಗಲದ ಮೊದಲ ಪಟ್ಟಿಯನ್ನು ಕತ್ತರಿಸಿದೆ. ಅಲ್ಲಿಂದ ವಾರಕ್ಕೊಂದು ಎರಡು ಪಟ್ಟಿ. ಹಕ್ಕಿಗೆ ಹೊಲದ ರೂಢಿಯಾಗಲು ಮೂರು ನಾಲ್ಕು ವಾರ ಬೇಕೇ ಬೇಕು. ಆಗಸ್ಟ್ 30ಕ್ಕೆ ಎಲ್ಲವನ್ನೂ ಒಟ್ಟಿಗೆ ಉರುಳಿಸಿದವರ ಹೊಲಕ್ಕೆ ಅವು ಸೆಪ್ಟೆಂಬರ್ 10ಕ್ಕೆ ಬರುತ್ತವೆ.

ಕತ್ತರಿಸುವುದರಲ್ಲಿಯೂ ಒಂದು ಹದವಿದೆ. ಮೊದಲ ಸುತ್ತಿನಲ್ಲಿ ಶ್ರೆಡರನ್ನು ಎತ್ತರದಲ್ಲಿಟ್ಟು ತೆನೆ ಮಾತ್ರ ಒಡೆಯುವಂತೆ ಓಡಿಸಬೇಕು, ಎರಡು ಮೂರು ದಿನ ಬಿಟ್ಟು ತಗ್ಗಿಸಿ ದಂಟು ಪುಡಿ ಮಾಡಬೇಕು. ಒಂದೇ ಸಲಕ್ಕೆ ತಗ್ಗಿಸಿದರೆ ಕಾಳು ದಂಟಿನ ಕಸದಡಿ ಹೂತುಹೋಗುತ್ತದೆ. ಕಸವನ್ನು ಸುಡುವುದು ಉತ್ತಮವಾಗಿತ್ತು, ಆದರೆ ಬೇಸಿಗೆಯಿಡೀ ಕೌಂಟಿಯಲ್ಲಿ ಬೆಂಕಿ ನಿಷೇಧವಿತ್ತು. ಡಿಸ್ಕನ್ನು ಅಂಚುಗಳಲ್ಲಿ ಮತ್ತು ಖಾಲಿ ಸಾಲಿನಲ್ಲಿ ಮಾತ್ರ ಎಳೆದೆ. ಹಿಂದಿನ ವರ್ಷ ಕಾಳು ಬಿದ್ದ ಪಟ್ಟಿಯ ಮೇಲೆಯೇ ಡಿಸ್ಕ್ ಎಳೆದು ಅರ್ಧ ಎಕರೆ ಕಾಳನ್ನು ನಾನೇ ಹೂತಿದ್ದೆ. ಯಾವ ಪಟ್ಟಿಯನ್ನು ಮೊದಲು ಉರುಳಿಸಬೇಕು, ಗಾಳಿಗೂ ಸೂರ್ಯನಿಗೂ ಅದು ಹೇಗಿರಬೇಕು ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯಲಾರೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ನೀರು ಆಮಿಷವಲ್ಲ; ಆದ್ದರಿಂದ ಹೊಲದ ಪಕ್ಕದ ಕಟ್ಟೆಯ ಒಂದು ದಂಡೆಯ ಹುಲ್ಲನ್ನೆಲ್ಲ ಕೆರೆದು ಬರಿ ಮಣ್ಣು ಮಾಡಿದೆ. ಸಂಜೆ ಗೂಡಿಗೆ ಹೋಗುವ ಮುಂಚೆ ಹಕ್ಕಿ ಅಲ್ಲಿಯೇ ಇಳಿಯುತ್ತಿತ್ತು. ಆದರೆ ಅದೇ ದಂಡೆಯಲ್ಲಿ ದನಕ್ಕೆಂದು ಇಟ್ಟಿದ್ದ ಉಪ್ಪಿನ ಗಡ್ಡೆಯನ್ನು ಜುಲೈನಲ್ಲಿಯೇ ಎತ್ತಿಸಿದ್ದೆ.

ನಡುವೆ ಮಾಡಿದ ಪ್ರಯೋಗಗಳಲ್ಲಿ ಒಂದು ಗೆದ್ದಿತು, ಒಂದು ಮಣ್ಣು ಮುಕ್ಕಿತು. ಅರ್ಧ ಎಕರೆ ಎಳ್ಳು ಹಾಕಿದ್ದೆ. ನಮ್ಮೂರಿನ ಎಳ್ಳು ಒಣಗಿದರೆ ಕಾಯಿ ಬಾಯ್ಬಿಟ್ಟು ತಾನೇ ಉದುರುತ್ತದೆ; ಇಲ್ಲಿ ಅಂಗಡಿಯವರು ಕೊಟ್ಟದ್ದು ಯಂತ್ರದ ಕೊಯ್ಲಿಗೆಂದು ಉದುರದಂತೆ ಬೆಳೆಸಿದ ತಳಿ. ಶ್ರೆಡರ್ ಹೊಡೆದರೂ ಕಾಯಿ ಬಿಗಿಯಾಗಿಯೇ ಇತ್ತು, ಒಂದು ಹಕ್ಕಿಯೂ ಅತ್ತ ತಿರುಗಲಿಲ್ಲ. ಗೆದ್ದದ್ದು ಕೊರಲೆ. ಇಲ್ಲಿಯವರು ಬ್ರೌನ್‌ಟಾಪ್ ಮಿಲೆಟ್ ಎಂದು ಚೀಲಗಟ್ಟಲೆ ಮಾರುವುದು ನಮ್ಮ ಮಧುಗಿರಿ, ಪಾವಗಡ ಸೀಮೆಯ ಕೊರಲೆಯನ್ನೇ. 1915ರ ಸುಮಾರಿಗೆ ಭಾರತದಿಂದ ಬಂದ ಬೆಳೆ ಅದು. ಜೂನ್ ಕೊನೆಗೆ ಒಂದು ಎಕರೆ ಚೆಲ್ಲುಬಿತ್ತನೆ ಮಾಡಿ ಹರಗಿ ಮುಚ್ಚಿದೆ, ಅರವತ್ತು ಚಿಲ್ಲರೆ ದಿನಕ್ಕೆ ತೆನೆ ಮಾಗಿ ಉದುರತೊಡಗಿತು. ಸೂರ್ಯಕಾಂತಿಯ ಕಾಳು ಮುಗಿಯುವ ಹೊತ್ತಿಗೆ ಹಕ್ಕಿಯನ್ನು ಹೊಲದಲ್ಲಿ ಹಿಡಿದಿಟ್ಟದ್ದು ಅದೇ. ವಿಡಿಯೊದಲ್ಲಿ ತೆನೆ ನೋಡಿದ ಅಮ್ಮ, “ಉಣ್ಣೋ ಕೊರ್ಲೆನ ಹಕ್ಕಿಗೆ ಹಾಕಿದ್ದೀಯಲ್ಲಪ್ಪ” ಎಂದು ನೊಂದುಕೊಂಡಳು. ಸೂರ್ಯಕಾಂತಿಗೂ ಕೊರಲೆಗೂ ಎಷ್ಟಕ್ಕೆ ಎಷ್ಟು ಎಂದು ಕೇಳಿದವರಿಗೆ ನಾನು ಇನ್ನೂ ಉತ್ತರಿಸಿಲ್ಲ.

ಆರಂಭದ ದಿನ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದಲೇ ಹೊಡೆಯಬಹುದು. ಮೊದಲ ಇಪ್ಪತ್ತು ನಿಮಿಷ ಏನೂ ಬರಲಿಲ್ಲ, ನನ್ನ ಎದೆ ಡವಗುಟ್ಟುತ್ತಿತ್ತು. ಆಮೇಲೆ ಹೆದ್ದಾರಿಯ ಕಡೆಯಿಂದ ಮೂರು, ಐದು, ಇಪ್ಪತ್ತು ಎಂದು ಬಂದವು. ವಾರ್ಡನ್ ಏಳೂವರೆಗೆ ಬಂದರು. ಬಂದೂಕುಗಳಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಅಡ್ಡಿ ಇದೆಯೇ ಎಂದು ನೋಡಿದರು, ಪರವಾನಗಿ ಕೇಳಿದರು, ಪಟ್ಟಿಯೊಳಗೆ ಕುಕ್ಕರುಗಾಲಿನಲ್ಲಿ ಕುಳಿತು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ಸೂರ್ಯಕಾಂತಿಯ ನಡುವೆ ಗೋಧಿಯೋ ಮೆಕ್ಕೆಜೋಳವೋ ಸಿಕ್ಕೀತೇ ಎಂಬುದು ಅವರ ಹುಡುಕಾಟ. ಯಾವ ದಿನ ಯಾವ ಪಟ್ಟಿ ಕತ್ತರಿಸಿದೆ ಎಂದು ಫೋಟೊ ಸಹಿತ ಬರೆದಿಟ್ಟ ಪುಸ್ತಕ ತೋರಿಸಿದೆ. ಅದರ ನಕಲನ್ನು ಬಂದ ಪ್ರತಿಯೊಬ್ಬರಿಗೂ ಮೊದಲೇ ಕೊಟ್ಟಿದ್ದೆ.

ಹದಿನಾಲ್ಕರಲ್ಲಿ ಹನ್ನೊಂದು ಮಂದಿಗೆ ಸಂಜೆಯೊಳಗೆ ದಿನದ ಮಿತಿಯಾದ ಹದಿನೈದು ಹಕ್ಕಿ ಸಿಕ್ಕಿತು. ಕೊರಳಪಟ್ಟಿಯ ಬೆಳವ ನಮ್ಮೂರಿನಲ್ಲೂ ಇರುವ ಹಕ್ಕಿ, ಇಲ್ಲಿಗೆ ಹೊರಗಿನಿಂದ ಬಂದದ್ದು. ಟೆಕ್ಸಸ್‌ನಲ್ಲಿ ಅದಕ್ಕೆ ಮಿತಿಯೇ ಇಲ್ಲ, ಅವನ್ನು ಬೇರೆ ಎಣಿಸಿದೆವು. ತಲೆಗೆ ದಿನಕ್ಕೆ ನೂರು ಡಾಲರಿನಂತೆ ಮೂರು ವಾರಾಂತ್ಯಕ್ಕೆ ಸುಮಾರು 5,600 ಬಂತು. ರಾಜ್ಯದ ಬೇಟೆ ಗುತ್ತಿಗೆ ಪರವಾನಗಿಗೆ ಎಂಬತ್ತರ ಹತ್ತಿರ, ವಿಮೆಗೆ ನಾಲ್ಕುನೂರರ ಹತ್ತಿರ, ಬೇಲಿಯೂ ಸೇರಿ ಎಲ್ಲ ಖರ್ಚು 4,300 ಆಗಿರಬೇಕು. ಎರಡು ವರ್ಷದ ಹಳೆಯ ನಷ್ಟ ಇನ್ನೂ ತೀರಿಲ್ಲ, ಆದರೆ ಬೇಲಿಯ ಖರ್ಚು ಮತ್ತೆ ಬರುವುದಿಲ್ಲ.

ಪಕ್ಕದ ಹಿರಿಯರು ಆ ಅಕ್ಟೋಬರಿನಲ್ಲಿ ಬೇಲಿಯ ಬಳಿ ಬಂದು, ಸಾಲಿನ ಅಂತರ ಎಷ್ಟು, ಬೀಜ ಯಾವ ಅಂಗಡಿಯದು ಎಂದು ವಿಚಾರಿಸಿದರು. ಅಂತರ ಹೇಳಿದೆ, ಅಂಗಡಿಯನ್ನೂ ಹೇಳಿದೆ. ಮೊದಲು ಯಾವ ಪಟ್ಟಿ ಉರುಳಿಸಿದೆ ಎಂದು ಕೇಳಿದಾಗ ಕಾಫಿ ಕುಡಿಯಲು ಒಳಗೆ ಕರೆದೆ.