ಚಿತ್ರದ ಮುಂದೆ ಕುಣಿಯುವುದು ಹೇಗೆ?

ಗ್ಯಾಲರಿಯವರ ಒಪ್ಪಿಗೆ ಮುಂಚೆಯೇ ಪಡೆದುಕೊಳ್ಳಿ. ಮುಂಬೈಯ ಮಾಟುಂಗಾದ ನನ್ನ ಭರತನಾಟ್ಯದ ಹುಡುಗಿಯರನ್ನು ಕಾಲಾ ಘೋಡಾದ ಗ್ಯಾಲರಿಗಳಿಗೆ ಕರೆದೊಯ್ದಾಗ ಹೇಳುವುದಿಷ್ಟೇ: ಇಡೀ ಪ್ರದರ್ಶನಕ್ಕೆ ಕುಣಿಯಬೇಡಿ, ಒಂದೇ ಕೃತಿ ಆರಿಸಿ. ಸುಮ್ನೆ ನಿಂತು ನೋಡಿ. ಹಕ್ಕಿ ಕಂಡಿತೆಂದು ಹಕ್ಕಿಯ ಮುದ್ರೆ ಹಿಡಿದರೆ ಸಪ್ಪೆ. ಗೆರೆ ಎಲ್ಲಿ ದಪ್ಪ, ಎಲ್ಲಿ ತಟ್ಟನೆ ನಿಂತಿದೆ? ಮೊದಲು ಕಣ್ಣು ಅದರ ಜೊತೆ ಓಡಲಿ, ಆಮೇಲೆ ಕುತ್ತಿಗೆ, ಭುಜ, ಮೊಣಕೈ. ಗೆರೆ ನಿಂತಲ್ಲಿ ಉಸಿರೂ ನಿಲ್ಲಲಿ. ಪಾದ ಕೊನೆಗೆ. ನಮ್ಮ ಉಡುಪಿ ಕಡೆಯ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಚಿತ್ರಕ್ಕೆ ಲಯ ಬರಲೆಂದು ಕಥಕ್ ಕಲಿತವರು. ನಾವು ಅದನ್ನೇ ತಿರುಗಿಸಿ ಮಾಡುತ್ತೇವೆ, ಅಲ್ವಾ?

ಗೆಜ್ಜೆ ಬೇಡ, ಖಾಲಿ ಹಾಲ್‌ನಲ್ಲಿ ಸದ್ದು ಜಾಸ್ತಿ. ಸೆರಗು ಬಿಗಿಯಾಗಿ ಸಿಕ್ಕಿಸಿ. ಕೈ ಪೂರ್ತಿ ಚಾಚಿದರೂ ಕೃತಿ ಎರಡು ಹೆಜ್ಜೆ ಆಚೆಗಿರಲಿ.