ದೂರಶಿಕ್ಷಣದಲ್ಲಿ ಹ್ಯಾಮ್ಲೆಟ್, ಫಾಸ್ಟಸ್ ಓದಿದ ನನ್ನ ಅನುಭವ

ನಾನು ಓದಿದ್ದು ಬಿ.ಕಾಂ. ಕೆಲಸ ಒಂದು ಸಹಕಾರ ಸಂಘದಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಲೆಕ್ಕ ಬರೆಯುವುದು. ಇಂಗ್ಲಿಷ್ ಎಂ.ಎ. ಮಾಡಬೇಕು ಅನ್ನೋ ಆಸೆ ಕಾಲೇಜಿನ ದಿನಗಳಿಂದಲೇ ಇತ್ತು. ಆದರೆ ಮನೆ, ಮಕ್ಕಳು, ತೋಟ ಎಲ್ಲ ಬಿಟ್ಟು ಮೈಸೂರಿಗೋ ಧಾರವಾಡಕ್ಕೋ ಹೋಗಿ ಎರಡು ವರ್ಷ ಇರುವ ಹಾಗಿರಲಿಲ್ಲ. ಇಗ್ನೊದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಯಾವ ಪದವಿ ಆಗಿದ್ದರೂ ಇಂಗ್ಲಿಷ್ ಎಂ.ಎ.ಗೆ ಸೇರಬಹುದು ಅಂತ ಗೊತ್ತಾದ ವಾರವೇ ಅರ್ಜಿ ಹಾಕಿದೆ. ಮೊದಲ ವರ್ಷದಲ್ಲಿ ಬ್ರಿಟಿಷ್ ಡ್ರಾಮಾ ಅಂತ ಒಂದು ಪತ್ರಿಕೆ ಇದೆ. ಮಾರ್ಲೋನ ಡಾಕ್ಟರ್ ಫಾಸ್ಟಸ್, ಶೇಕ್ಸ್‌ಪಿಯರನ ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್ ಮತ್ತು ಹ್ಯಾಮ್ಲೆಟ್, ಬೆನ್ ಜಾನ್ಸನ್‌ನ ದಿ ಆಲ್ಕೆಮಿಸ್ಟ್, ಆಮೇಲೆ ಶಾ, ಬೆಕೆಟ್ ಹೀಗೆ ಹೋಗುತ್ತದೆ. ಮೊದಲ ನಾಲ್ಕು ನಾಟಕಗಳು ನನ್ನನ್ನು ಹಿಡಿದುಕೊಂಡ ಹಾಗೆ ಉಳಿದವು ಹಿಡಿಯಲಿಲ್ಲ. ಅವುಗಳಲ್ಲಿ ಹ್ಯಾಮ್ಲೆಟ್, ಫಾಸ್ಟಸ್, ಆಲ್ಕೆಮಿಸ್ಟ್ ಬಗ್ಗೆ ಇಲ್ಲಿ ಬರೆಯುತ್ತೇನೆ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಪಠ್ಯ ಸಾಮಗ್ರಿ ಬಂತು, ಅದರಲ್ಲಿ ನಾಟಕದ ಬಗ್ಗೆ ವಿವರಣೆ ಇತ್ತು, ಅದನ್ನೇ ಓದಿದೆ. ಸಾರಾಂಶ ಓದಿದೆ. ಪಾತ್ರಗಳ ಪರಿಚಯ ಓದಿದೆ. ನಾಟಕವನ್ನು ಮಾತ್ರ ಓದಲಿಲ್ಲ! ಮೊದಲ ಅಸೈನ್‌ಮೆಂಟ್‌ನಲ್ಲಿ ಫಾಸ್ಟಸ್‌ನ ಕಥೆಯನ್ನೇ ಆರು ಪುಟ ಕೈಯಲ್ಲಿ ಬರೆದು ಕಳಿಸಿದೆ. ಪಾಸಿಗೆ ಸಾಕಾಗುವಷ್ಟು ಅಂಕ ಬಂತು, ಅಷ್ಟೇ. ಅಸೈನ್‌ಮೆಂಟಿಗೆ ಶೇಕಡಾ 30ರ ತೂಕ ಇದೆ, ಪರೀಕ್ಷೆಗೆ 70. ಆದರೆ ನನಗೆ ಬೇಜಾರಾಗಿದ್ದು ಅಂಕಕ್ಕಲ್ಲ. ನಾನು ಬರೆದದ್ದನ್ನು ನಾನೇ ಮತ್ತೆ ಓದಿ ನೋಡಿದರೆ, ಅಲ್ಲಿ ಒಂದು ನಾಟಕ ಇದೆ ಅಂತಲೇ ಅನಿಸುತ್ತಿರಲಿಲ್ಲ.

ದಾರಿ ತೋರಿಸಿದ್ದು ಯಕ್ಷಗಾನ. ಇದನ್ನು ಸುಮ್ನೆ ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಬಯಲಾಟದಲ್ಲಿ ಅರಮನೆಯ ಸೆಟ್ ಇರುವುದಿಲ್ಲ. ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಅಲ್ಲಿಗೆ ಕಾಡು, ಇನ್ನೊಂದು ಸುತ್ತು ಬಂದರೆ ವೈರಿಯ ಊರು. ಹೆಣ್ಣು ಪಾತ್ರ ಮಾಡುವವರು ಗಂಡಸರು, ನಮಗೆ ಅದು ಹೊಸದೇ ಅಲ್ಲ. ಲಂಡನ್ನಿನಲ್ಲಿ 1576ರಲ್ಲಿ ಕಟ್ಟಿದ ದಿ ಥಿಯೇಟರ್, ಅದರ ಮರಮುಟ್ಟನ್ನೇ ಬಿಚ್ಚಿ ಸಾಗಿಸಿ 1599ರಲ್ಲಿ ಕಟ್ಟಿದ ಗ್ಲೋಬ್, ಇವೆಲ್ಲ ನಡು ಅಂಗಳಕ್ಕೆ ಸೂರಿಲ್ಲದ ಕಟ್ಟಡಗಳು. ಒಂದು ಪೆನ್ನಿ ಕೊಟ್ಟರೆ ಅಂಗಳದಲ್ಲಿ ನಿಂತು ನೋಡಬಹುದಿತ್ತು. ಆಟ ಮಧ್ಯಾಹ್ನದ ಬೆಳಕಿನಲ್ಲಿ. ಹೆಣ್ಣು ಪಾತ್ರಕ್ಕೆ ಹುಡುಗರು. ಅಂದರೆ ಹ್ಯಾಮ್ಲೆಟ್‌ನ ಮೊದಲ ದೃಶ್ಯ ನಡುರಾತ್ರಿ, ಕೋಟೆಯ ಮೇಲೆ, ಮೈ ಕೊರೆಯುವ ಚಳಿ. ನೋಡುವವರ ತಲೆ ಮೇಲೆ ಮಾತ್ರ ಸೂರ್ಯ. ರಾತ್ರಿಯನ್ನು ಮಾತಿನಿಂದಲೇ ಕಟ್ಟಬೇಕು. ಹನ್ನೆರಡು ಹೊಡೆಯಿತು ಅಂತ ಒಬ್ಬ ಹೇಳುತ್ತಾನೆ, ಚಳಿ ತಡೆಯೋಕಾಗಲ್ಲ ಅಂತ ಇನ್ನೊಬ್ಬ. ಇದು ಗೊತ್ತಾದ ಮೇಲೆ ನಾಟಕವನ್ನು ಕಣ್ಣಿನಲ್ಲಿ ಓದುವುದನ್ನು ನಿಲ್ಲಿಸಿದೆ. ಗಟ್ಟಿಯಾಗಿ, ನಿಂತುಕೊಂಡು ಓದಲು ಶುರು ಮಾಡಿದೆ.

ನನಗೆ ಸಿಗುತ್ತಿದ್ದದ್ದು ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ. ಮಕ್ಕಳು ಏಳಬಾರದು ಅಂತ ಹಿತ್ತಿಲ ಕಡೆ ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಮೊದಲ ದಿನವೇ ಒಂದು ವಿಷಯ ಸಿಕ್ಕಿತು. ಹ್ಯಾಮ್ಲೆಟ್ ನಾಟಕದ ಮೊದಲ ಮಾತು 'ಹೂಸ್ ದೇರ್?', ಯಾರಲ್ಲಿ ಅಂತ. ಹತ್ತು ಸಲ ಕಣ್ಣಿನಲ್ಲಿ ಓದಿದಾಗ ಏನೂ ಅನಿಸಿರಲಿಲ್ಲ. ಗಟ್ಟಿಯಾಗಿ ಹೇಳುವಾಗ ಇದನ್ನು ಹೇಳುವವನು ಎಲ್ಲಿ ನಿಂತಿದ್ದಾನೆ ಅಂತ ಯೋಚಿಸಲೇಬೇಕು. ನೋಡಿದರೆ ಕೇಳುವವನು ಕಾವಲಿಗೆ ನಿಂತವನಲ್ಲ, ಕಾವಲು ಬದಲಿಸಲು ಈಗ ತಾನೇ ಬರುತ್ತಿರುವ ಬರ್ನಾರ್ಡೋ! ನಿಂತಿರುವ ಫ್ರಾನ್ಸಿಸ್ಕೋ, ಇಲ್ಲ, ನೀನು ಹೇಳು, ಯಾರು ನೀನು ಅಂತ ತಿರುಗಿ ಕೇಳುತ್ತಾನೆ. ಕಾಯುವವನು ಕೇಳಬೇಕಾದ ಪ್ರಶ್ನೆಯನ್ನು ಬರುವವನು ಕೇಳುತ್ತಿದ್ದಾನೆ ಅಂದರೆ ಅವನಿಗೆ ಆಗಲೇ ಏನೋ ಹೆದರಿಕೆ ಇದೆ. ಡೆನ್ಮಾರ್ಕಿನಲ್ಲಿ ಎಲ್ಲವೂ ತಲೆಕೆಳಗಾಗಿದೆ ಅನ್ನೋದನ್ನು ಶೇಕ್ಸ್‌ಪಿಯರ್ ಎರಡು ಪದದಲ್ಲಿ ತೋರಿಸಿಬಿಟ್ಟಿದ್ದಾನೆ. ಅವತ್ತು ಆಫೀಸಿನಲ್ಲೂ ಅದೇ ತಲೆಯಲ್ಲಿತ್ತು.

ಆಮೇಲೆ ತಟ್ಟೆ ಮತ್ತು ಅಡಿಕೆ. ಒಬ್ಬರೇ ಓದುವವರಿಗೆ ಇದನ್ನು ಖಂಡಿತ ಹೇಳುತ್ತೇನೆ. ಮೇಜಿನ ಮೇಲೆ ಒಂದು ಊಟದ ತಟ್ಟೆ, ಅದೇ ರಂಗ. ಒಂದೊಂದು ಪಾತ್ರಕ್ಕೆ ಒಂದೊಂದು ಅಡಿಕೆ, ಮೇಲೆ ಪೆನ್ನಿನಲ್ಲಿ ಹೆಸರಿನ ಮೊದಲಕ್ಷರ. ಯಾರು ಪ್ರವೇಶ ಮಾಡಿದರೋ ಅವರನ್ನು ತಟ್ಟೆಗೆ ಇಡುವುದು, ಹೋದವರನ್ನು ತೆಗೆಯುವುದು. ಪುಸ್ತಕದಲ್ಲಿ ಮಾತನಾಡುವವರು ಮಾತ್ರ ಕಾಣುತ್ತಾರೆ, ಸುಮ್ಮನೆ ನಿಂತವರು ಕಾಣುವುದಿಲ್ಲ. ಹ್ಯಾಮ್ಲೆಟ್‌ನ ಎರಡನೇ ದೃಶ್ಯದಲ್ಲಿ ಹೊಸ ರಾಜ (ಹ್ಯಾಮ್ಲೆಟ್‌ನ ಚಿಕ್ಕಪ್ಪ, ಈಗ ತಾಯಿಯ ಎರಡನೇ ಗಂಡ) ಮಾತಾಡುತ್ತಾನೆ, ರಾಯಭಾರಿಗಳನ್ನು ನಾರ್ವೆಗೆ ಕಳಿಸುತ್ತಾನೆ, ಆಸ್ಥಾನದ ಹಿರಿಯನ ಮಗ ಲೇರ್ಟಿಸ್‌ನನ್ನು ಬಾಯ್ತುಂಬ ಹೆಸರು ಹಿಡಿದು ಕರೆದು ನಿನಗೇನು ಬೇಕು ಅಂತ ಕೇಳುತ್ತಾನೆ. ಇಷ್ಟೂ ಹೊತ್ತು, ಅರವತ್ತಕ್ಕೂ ಹೆಚ್ಚು ಸಾಲು, 'ಹ್ಯಾ' ಅಂತ ಬರೆದ ಅಡಿಕೆ ನನ್ನ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಕೂತಿತ್ತು. ಅಪ್ಪ ಸತ್ತು ಎರಡು ತಿಂಗಳೂ ಆಗದ ಹುಡುಗ, ಕಪ್ಪು ಬಟ್ಟೆಯಲ್ಲಿ, ಮಾತಿಲ್ಲದೆ. ತಟ್ಟೆ ನೋಡಿ ನನಗೆ ಕಣ್ಣು ತುಂಬಿತು.

ಆಲ್ಕೆಮಿಸ್ಟ್‌ಗಂತೂ ತಟ್ಟೆ ಇಲ್ಲದಿದ್ದರೆ ನಾನು ಸೋಲುತ್ತಿದ್ದೆ. 1610ರ ನಾಟಕ. ಪ್ಲೇಗಿಗೆ ಹೆದರಿ ಯಜಮಾನ ಊರು ಬಿಟ್ಟಿದ್ದಾನೆ, ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿರುವ ಅವನ ಮನೆಯಲ್ಲಿ ಆಳು ಮತ್ತು ಇನ್ನಿಬ್ಬರು ಸೇರಿ ಚಿನ್ನ ಮಾಡಿಕೊಡುತ್ತೇವೆ ಅಂತ ಜನರನ್ನು ಸುಲಿಯುತ್ತಿದ್ದಾರೆ. ಒಂದೇ ಮನೆ, ಒಂದೇ ದಿನ. ಬಾಗಿಲು ಬಡಿದ ಸದ್ದು, ಒಳಗಿರುವವನನ್ನು ಬಚ್ಚಿಡು, ವೇಷ ಬದಲಿಸು, ಮತ್ತೆ ಬಾಗಿಲು. ಡ್ಯಾಪರ್ ಅಂತ ಒಬ್ಬ ಗುಮಾಸ್ತ ಬರುತ್ತಾನೆ, ಮೂರನೇ ಅಂಕದ ಕೊನೆಗೆ ಅವನ ಬಾಯಿಗೆ ಶುಂಠಿ ರೊಟ್ಟಿ ತುರುಕಿ ಶೌಚದ ಕೋಣೆಗೆ ತಳ್ಳುತ್ತಾರೆ. ಬರೀ ಕಣ್ಣಿನಲ್ಲಿ ಓದಿದರೆ ಅವನು ಮರೆತೇ ಹೋಗುತ್ತಾನೆ. ನನ್ನ ಮೇಜಿನಲ್ಲಿ ಅವನ ಅಡಿಕೆ ತಟ್ಟೆಯ ಕೆಳಗೆ ಇತ್ತು, ನಾಲ್ಕನೇ ಅಂಕ ಪೂರ್ತಿ ಅಲ್ಲೇ ಇತ್ತು, ಐದನೇ ಅಂಕದಲ್ಲಿ ಒಳಗಿನಿಂದ ಕೂಗಿದಾಗ ನನಗೆ ಅವನು ಎಲ್ಲಿದ್ದಾನೆ ಅಂತ ಗೊತ್ತಿತ್ತು.

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ವಿಷಯ. ಇಂಗ್ಲಿಷ್ ನಮ್ಮ ಮನೆಮಾತಲ್ಲ, ಕ್ಲಾಸಿಲ್ಲದೆ ಹೇಗೆ ಓದೋದು ಅಂತ ಹೆದರಿಕೊಂಡಿದ್ದೆ. ಆದರೆ ಒಂದು ಕಡೆ ಕನ್ನಡದ ಕಿವಿಯೇ ಕೈಹಿಡಿಯಿತು. ಅವತ್ತಿನ ಇಂಗ್ಲಿಷಿನಲ್ಲಿ 'ದೌ' ಇತ್ತು, 'ಯೂ' ಇತ್ತು. ನಮ್ಮ ನೀನು, ನೀವು! ಇವತ್ತಿನ ಇಂಗ್ಲಿಷಿನವರಿಗೆ ಈ ವ್ಯತ್ಯಾಸಕ್ಕೆ ಅಡಿಟಿಪ್ಪಣಿ ಬೇಕು, ನಮಗೆ ಬೇಡ. ಹ್ಯಾಮ್ಲೆಟ್ ಮೂರನೇ ಅಂಕ, ನಾಲ್ಕನೇ ದೃಶ್ಯ ತೆಗೆಯಿರಿ. ತಾಯಿ ಮಗನನ್ನು ಕೋಣೆಗೆ ಕರೆಸಿದ್ದಾಳೆ. ಹ್ಯಾಮ್ಲೆಟ್, ನೀನು ನಿನ್ನ ಅಪ್ಪನ ಮನಸ್ಸು ನೋಯಿಸಿದ್ದೀಯ ಅನ್ನುತ್ತಾಳೆ. 'ದೌ ಹ್ಯಾಸ್ಟ್.' ಅವಳ ಮಾತಿನಲ್ಲಿ ಅಪ್ಪ ಅಂದರೆ ಹೊಸ ಗಂಡ. ಮಗ ಅದೇ ವಾಕ್ಯವನ್ನು ಹಿಂದಕ್ಕೆ ಎಸೆಯುತ್ತಾನೆ: ಅಮ್ಮಾ, ನೀವು ನನ್ನ ಅಪ್ಪನ ಮನಸ್ಸು ನೋಯಿಸಿದ್ದೀರಿ. 'ಯೂ ಹ್ಯಾವ್.' ಇಲ್ಲಿಯವರೆಗೆ ಸರಿ, ಮಗ ತಾಯಿಗೆ ನೀವು ಅನ್ನಬಹುದು. ಮುಂದಿನ ಸಾಲು ನೋಡಿ. ತಾಯಿ, 'ಕಮ್, ಕಮ್, ಯೂ ಆನ್ಸರ್ ವಿತ್ ಆನ್ ಐಡಲ್ ಟಂಗ್' ಅನ್ನುತ್ತಾಳೆ. ಅವಳೂ 'ಯೂ'ಗೆ ಬಂದಳು! ನಮ್ಮ ಮನೆಗಳಲ್ಲಿ ಅಮ್ಮನಿಗೆ ನಿಜವಾಗಿ ಸಿಟ್ಟು ಬಂದಾಗ, ಆಯ್ತಪ್ಪ, ನೀವು ದೊಡ್ಡವರಾದ್ರಿ ಅನ್ನುತ್ತಾರಲ್ವಾ, ಆ ನೀವು ಎಷ್ಟು ತಣ್ಣಗಿರುತ್ತದೆ ಅಂತ ನಮಗೆ ಗೊತ್ತು. ಅದೇ ಇದು. ನಾಲ್ಕು ಸಾಲಿನಲ್ಲಿ ತಾಯಿ ಮಗನ ನಡುವೆ ಬಾಗಿಲು ಮುಚ್ಚಿತು, ಅದನ್ನು ಒಂದು ಸರ್ವನಾಮ ಮುಚ್ಚಿತು.

ಒಂದು ಎಚ್ಚರಿಕೆ. 1600ರ ಹೊತ್ತಿಗೆ ಇಂಗ್ಲಿಷಿನಲ್ಲಿ ಈ ಬಳಕೆ ನಮ್ಮಷ್ಟು ಗಟ್ಟಿಯಾಗಿ ಉಳಿದಿರಲಿಲ್ಲ. ಕೆಲವು ಕಡೆ ಕಾರಣವೇ ಇಲ್ಲದೆ ಬದಲಾಗುತ್ತದೆ. ಹಾಗಾಗಿ ಪ್ರತಿ ಸಾಲಿಗೂ ಅರ್ಥ ಹಚ್ಚಲು ಹೋಗಬೇಡಿ, ಮಾತು ಬಿಸಿಯಾದ ಜಾಗದಲ್ಲಿ ಮಾತ್ರ ನೋಡಿ. ಹಾಗೆಯೇ ಗೊತ್ತಿರುವ ಪದ ಅಂತ ನಂಬಬೇಡಿ. ಸತ್ತ ಅಪ್ಪನ ಭೂತದ ಹಿಂದೆ ಹೋಗದಂತೆ ಗೆಳೆಯರು ಹಿಡಿದಾಗ ಹ್ಯಾಮ್ಲೆಟ್, 'ಲೆಟ್ಸ್ ಮಿ' ಅನ್ನುವವನನ್ನು ಭೂತ ಮಾಡುತ್ತೇನೆ ಅನ್ನುತ್ತಾನೆ. ಅಲ್ಲಿ 'ಲೆಟ್' ಅಂದರೆ ಬಿಡುವುದಲ್ಲ, ತಡೆಯುವುದು. ಪೂರ್ತಿ ಉಲ್ಟಾ.

ಸೈತಾನನಿಗೆ ಆತ್ಮ ಮಾರಿಕೊಂಡ ಪಂಡಿತ ಫಾಸ್ಟಸ್. ಅವನ ವಿಷಯದಲ್ಲಿ ಇನ್ನೊಂದು ತೊಡಕು ಬಂತು. ನನ್ನ ಪುಸ್ತಕದಲ್ಲಿ ಒಂದು ಸಾಲು ಇದೆ, ಮೊಬೈಲಿನಲ್ಲಿ ಇಳಿಸಿಕೊಂಡ ಪ್ರತಿಯಲ್ಲಿ ಬೇರೆ ಇದೆ. ಮುದ್ರಣದ ತಪ್ಪು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಈ ನಾಟಕಕ್ಕೆ ಎರಡು ಪಾಠಗಳಿವೆ, ಅಂದರೆ ಮುದ್ರಣವಾದ ಎರಡು ಬೇರೆ ಬೇರೆ ರೂಪ, 1604ರದ್ದು ಮತ್ತು 1616ರದ್ದು, ಮಾರ್ಲೋ ಸತ್ತಿದ್ದು 1593ರಲ್ಲೇ. 1616ರದ್ದು ಜಾಸ್ತಿ ಉದ್ದ. ಹೆನ್‌ಸ್ಲೋ ಅನ್ನುವ ರಂಗಮಂದಿರದ ಮಾಲೀಕ 1602ರಲ್ಲಿ ಫಾಸ್ಟಸ್‌ಗೆ ಹೊಸ ಭಾಗ ಸೇರಿಸಿದ್ದಕ್ಕೆ ಇಬ್ಬರಿಗೆ ನಾಲ್ಕು ಪೌಂಡ್ ಕೊಟ್ಟಿದ್ದು ಅವನ ಲೆಕ್ಕದ ಪುಸ್ತಕದಲ್ಲಿದೆ. ದಿನವಿಡೀ ಲೆಕ್ಕ ಬರೆಯುವವಳಿಗೆ ಆ ಒಂದು ನಮೂದು ಎಷ್ಟು ಹತ್ತಿರ ಅನಿಸಿತು ಗೊತ್ತಾ! ವ್ಯತ್ಯಾಸ ಸಣ್ಣದಲ್ಲ. ಒಳ್ಳೆಯ ದೇವದೂತ ಹೇಳುವ ಮಾತು ಒಂದರಲ್ಲಿ 'ಇಫ್ ಫಾಸ್ಟಸ್ ಕ್ಯಾನ್ ರಿಪೆಂಟ್', ಇನ್ನೊಂದರಲ್ಲಿ 'ವಿಲ್ ರಿಪೆಂಟ್'. ಪಶ್ಚಾತ್ತಾಪ ಪಡಲು ಅವನಿಂದ ಆದರೆ ಅನ್ನುವುದು ಬೇರೆ, ಅವನು ಮನಸ್ಸು ಮಾಡಿದರೆ ಅನ್ನುವುದು ಬೇರೆ. ಅವನ ಕೈಯಲ್ಲಿತ್ತೋ ಇಲ್ಲವೋ ಅನ್ನುವ ಇಡೀ ಪ್ರಶ್ನೆ ಅಲ್ಲಿ ನಿಂತಿದೆ. ಹಾಗಾಗಿ ಉಲ್ಲೇಖ ಬರೆಯುವಾಗ ಯಾವ ಪಾಠ ಅಂತ ಬರೆಯಲೇಬೇಕು.

ಫಾಸ್ಟಸ್‌ನ ಕೊನೆಯ ಗಂಟೆಯನ್ನು ಬಾಯಿಪಾಠ ಮಾಡಿದೆ. ಹನ್ನೊಂದು ಹೊಡೆಯುತ್ತದೆ. 'ನೌ ಹ್ಯಾಸ್ಟ್ ದೌ ಬಟ್ ಒನ್ ಬೇರ್ ಅವರ್ ಟು ಲಿವ್.' ಎಲ್ಲವೂ ಚಿಕ್ಕ ಚಿಕ್ಕ ಪದ, ಗಡಿಯಾರದ ಹೊಡೆತದ ಹಾಗೆ. ಅರ್ಧ ಗಂಟೆ ಕಳೆಯಲು ಸುಮಾರು ಮೂವತ್ತು ಸಾಲು, ಉಳಿದ ಅರ್ಧ ಗಂಟೆಗೆ ಸುಮಾರು ಇಪ್ಪತ್ತು ಮಾತ್ರ. ಕಾಲ ಓಡುತ್ತಿದೆ ಅಂತ ಹೇಳದೆಯೇ ಮಾರ್ಲೋ ಓಡಿಸಿದ್ದಾನೆ. ಇದು ನನಗೆ ಗೊತ್ತಾದದ್ದು ಹೇಳುವಾಗ ಉಸಿರು ಸಾಲದೆ ಹೋದಾಗ.

ಪುಸ್ತಕಕ್ಕೆ ಜಾಸ್ತಿ ಖರ್ಚು ಮಾಡಲಿಲ್ಲ. ಇಗ್ನೊ ಪಾಠಗಳು ಅದರದೇ ಜಾಲತಾಣ ಇಜ್ಞಾನಕೋಶದಲ್ಲಿ ಉಚಿತ. ಶೇಕ್ಸ್‌ಪಿಯರ್‌ಗೆ ಫೋಲ್ಜರ್ ಲೈಬ್ರರಿಯ ಪಠ್ಯ, ಕೇಳಲು ಲಿಬ್ರಿವಾಕ್ಸ್‌ನ ಉಚಿತ ಧ್ವನಿಪುಸ್ತಕ, ಹೆನ್‌ಸ್ಲೋ ಕಾಗದಪತ್ರಗಳ ಚಿತ್ರಗಳೂ ನೆಟ್‌ನಲ್ಲಿ ಸಿಗುತ್ತವೆ. ದುಡ್ಡು ಕೊಟ್ಟು ಕೊಂಡಿದ್ದು ಹ್ಯಾಮ್ಲೆಟ್‌ನ ಒಂದು ಒಳ್ಳೆಯ ಟಿಪ್ಪಣಿ ಇರುವ ಆವೃತ್ತಿ ಮಾತ್ರ, ಅದಕ್ಕೆ ಕೊಟ್ಟ ಪ್ರತಿ ರೂಪಾಯಿ ಸಾರ್ಥಕ. ಜೊತೆಗೆ ಕುವೆಂಪು ಅವರ ರಕ್ತಾಕ್ಷಿ ಓದಿದೆ. ಆ ನಾಟಕದಲ್ಲಿ ಹ್ಯಾಮ್ಲೆಟ್ ಬಿದನೂರಿಗೆ ಬಂದಿದ್ದಾನೆ, ಆ ಕೋಟೆ ನಮ್ಮ ಮನೆಯಿಂದ ದೂರವೇನಿಲ್ಲ.

ಕೊನೆಯದಾಗಿ ಅಮ್ಮ. ಕ್ಲಾಸಿನಲ್ಲಿ ಪ್ರಶ್ನೆ ಕೇಳುವವರು ಇರುತ್ತಾರೆ, ನನಗೆ ಯಾರೂ ಇರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅವರು ನೋಡದ ಆಟ ಇಲ್ಲ. ಹಾಗಾಗಿ ಭಾನುವಾರ ಅಡಿಕೆ ಸುಲಿಯುವಾಗ ಒಂದೊಂದು ಅಂಕ ಹೇಳುತ್ತಿದ್ದೆ. ಹ್ಯಾಮ್ಲೆಟ್‌ನ ತಾಯಿಯ ಕೋಣೆಯ ದೃಶ್ಯ ಹೇಳಿ ಮುಗಿಸಿದಾಗ ಅಮ್ಮ ಕತ್ತಿ ನಿಲ್ಲಿಸಿ ಕೇಳಿದರು. "ಅಲ್ಲ ಮಾರಾಯ್ತಿ, ಮೊದಲು ಕಾವಲಿನವರಿಗೆಲ್ಲ ಕಂಡ ಭೂತ ಈಗ ಹೆಂಡತಿಗೆ ಯಾಕೆ ಕಾಣಲಿಲ್ಲ? ಅವಳ ಮೇಲೆ ಸಿಟ್ಟಾ, ಇಲ್ಲ ಇವನಿಗೇ ತಲೆ ಕೆಟ್ಟಿದ್ದಾ?" ನನಗೆ ಉತ್ತರ ಬರಲಿಲ್ಲ. ಎರಡು ವಾರ ಅದನ್ನೇ ಹುಡುಕಿದೆ. ಮೊದಲ ಅಂಕದಲ್ಲಿ ಭೂತ ಯುದ್ಧದ ಕವಚದಲ್ಲಿದೆ, ಎಲ್ಲರಿಗೂ ಕಾಣುತ್ತದೆ, ಅದು ರಾಜ್ಯದ ಭೂತ. ಕೋಣೆಗೆ ಬಂದದ್ದು ಬರೀ ಗಂಡ, ಬರೀ ಅಪ್ಪ. 1603ರ ಮೊದಲ ಮುದ್ರಣದಲ್ಲಿ ಅವನು ರಾತ್ರಿ ಉಡುಪಿನಲ್ಲಿ ಬರುತ್ತಾನೆ ಅಂತ ರಂಗಸೂಚನೆಯೇ ಇದೆ. ಅದು ಕಣ್ಣಿಗೆ ಬಿದ್ದ ಬೆಳಿಗ್ಗೆ ಅಮ್ಮನನ್ನು ಎಬ್ಬಿಸಿ ಹೇಳಿದೆ.

ಪರೀಕ್ಷೆಗೆ ಎರಡು ಗಂಟೆ ಬಸ್ಸಿನಲ್ಲಿ ಹೋಗಬೇಕಿತ್ತು. ದಾರಿಯಲ್ಲಿ ಏನೂ ಓದಲಿಲ್ಲ, ಫಾಸ್ಟಸ್‌ನ ಕೊನೆಯ ಗಂಟೆಯನ್ನು ಮೆಲ್ಲಗೆ ಹೇಳಿಕೊಳ್ಳುತ್ತಾ ಕೂತೆ. ಸಂದರ್ಭ ವಿವರಿಸುವ ಪ್ರಶ್ನೆಯಲ್ಲಿ ಸಾಲುಗಳನ್ನು ನೋಡಿದ ಕೂಡಲೇ ಯಾರ ಮಾತು, ಆಗ ತಟ್ಟೆಯಲ್ಲಿ ಇನ್ಯಾರು ಇದ್ದರು ಅಂತ ಕಣ್ಣ ಮುಂದೆ ಬಂತು. ಹ್ಯಾಮ್ಲೆಟ್ ಬಗ್ಗೆ ಬರೆದ ಪ್ರಬಂಧವನ್ನು ಅಮ್ಮನ ಪ್ರಶ್ನೆಯಿಂದಲೇ ಶುರು ಮಾಡಿದೆ.